ಆಫೀಸ್ ಮೇಲ್ ಓದುವ ಹಕ್ಕು ಯಾರಿಗಿದೆ? ಅಡ್ಮಿನ್ ಕಣ್ಣಿಗೆ ತಪ್ಪು ಬಿದ್ದರೆ ಮುಂದೇನು?

ಈಚೆಗೆ ಎಷ್ಟೋ ಆಫೀಸುಗಳಲ್ಲಿ ನೌಕರರ ಮುಂದೆ ಹೊಸ ಪಾಲಿಸಿಯೊಂದು ಬಂದು ನಿಲ್ಲುತ್ತಿದೆ. ಕಂಪನಿಯ ಇಮೇಲ್, ಚಾಟ್, ಲ್ಯಾಪ್‌ಟಾಪ್ ಮೇಲೆ ನಿಗಾ ಇಡಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ಒಪ್ಪಿಗೆಯ ಬಟನ್. ಓದದೆ ಒತ್ತಿಬಿಡುವವರೇ ಜಾಸ್ತಿ. ಈ ಪಾಲಿಸಿಗಳು ಈಗ ಬರುತ್ತಿರುವುದಕ್ಕೆ ಕಾರಣ ಇದೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಹಾಗಾಗಿ ಈಗಲೇ ಕಾಗದಪತ್ರ ಸರಿಮಾಡಿಕೊಳ್ಳುವ ಕೆಲಸ ನಡೆಯುತ್ತಿದೆ.

ಆ ಪಾಲಿಸಿ ಓದಿದ ನೌಕರರಿಗೆ ಬರುವ ಪ್ರಶ್ನೆ ಒಂದೇ: ನನ್ನ ಮೇಲ್ ಯಾರು ಓದುತ್ತಾರೆ? ಅದೇ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವರ ಪ್ರಶ್ನೆ ಬೇರೆ. ಕೆಲಸ ಮಾಡುವಾಗ ಯಾರದೋ ಮೇಲ್‌ನಲ್ಲಿ ಕಳ್ಳ ಬಿಲ್ಲೋ, ಬೆದರಿಕೆಯೋ, ಇನ್ನೂ ಕೆಟ್ಟದ್ದೋ ಕಂಡರೆ ನಾನೇನು ಮಾಡಬೇಕು? ಬಾಯಿ ಬಿಟ್ಟರೆ ಗುಟ್ಟು ರಟ್ಟು ಮಾಡಿದ ತಪ್ಪು, ಸುಮ್ಮನಿದ್ದರೆ ಅಪರಾಧ ಮುಚ್ಚಿಟ್ಟ ತಪ್ಪು ಎಂಬ ಭಯ. ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಹುಡುಕಬೇಕು, ಯಾಕೆಂದರೆ ಒಂದರ ಉತ್ತರ ಇನ್ನೊಂದರಲ್ಲಿದೆ.

## ಅಡ್ಮಿನ್‌ಗೆ ನಿಜವಾಗಿ ಏನು ಕಾಣುತ್ತದೆ?

ಸಿಸ್ಟಂ ಅಡ್ಮಿನ್ ಅಂದರೆ ಕಂಪನಿಯ ಸರ್ವರ್, ನೆಟ್‌ವರ್ಕ್, ಮೇಲ್ ಖಾತೆಗಳನ್ನು ನಡೆಸುವವರು. ದೊಡ್ಡ ಕಂಪನಿಯಲ್ಲಿ ಇದಕ್ಕೊಂದು ತಂಡವೇ ಇರುತ್ತದೆ. ಸಣ್ಣ ಆಫೀಸಿನಲ್ಲೋ ಕಾಲೇಜಿನಲ್ಲೋ ‘ಸಿಸ್ಟಂ ನೋಡಿಕೊಳ್ಳುವವರು’ ಒಬ್ಬರೇ, ಅವರೂ ಎಷ್ಟೋ ಸಲ ಹೊರಗಿನ ಕಾಂಟ್ರಾಕ್ಟ್ ಮೇಲೆ ಬರುವವರು.

ಒಂದು ಮೇಲ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು, ನೀವು ಬರೆದ ಮಾತು ಮತ್ತು ಅದಕ್ಕೆ ಅಂಟಿಸಿದ ಫೈಲ್. ಇನ್ನೊಂದು ಅದರ ವಿವರ: ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡದು, ಯಾವ ಸರ್ವರ್ ದಾಟಿ ಬಂತು. ಈ ವಿವರವನ್ನು ಸರ್ವರ್ ತಾನಾಗಿಯೇ ಬರೆದಿಡುತ್ತದೆ. ಇದೇ ಲಾಗ್. ‘ಕಳಿಸಿದ ಮೇಲ್ ಹೋಗಿಲ್ಲ ಸರ್’ ಎಂದು ನೀವು ಫೋನ್ ಮಾಡಿದಾಗ ಅಡ್ಮಿನ್ ನೋಡುವುದು ಈ ಲಾಗನ್ನು. ನಿಮ್ಮ ಮಾತು ಅದರಲ್ಲಿ ಇರುವುದಿಲ್ಲ. ಆದರೂ ಲಾಗ್ ಏನೂ ಹೇಳುವುದಿಲ್ಲ ಅಂದುಕೊಳ್ಳಬೇಡಿ. ಒಬ್ಬರು ವಾರದಲ್ಲಿ ನಾಲ್ಕು ಸಲ ಕ್ಯಾನ್ಸರ್ ಆಸ್ಪತ್ರೆಗೆ ಮೇಲ್ ಕಳಿಸಿದ್ದಾರೆ, ಇನ್ನೊಬ್ಬರು ಎದುರಾಳಿ ಕಂಪನಿಯ ಎಚ್‌ಆರ್‌ಗೆ ಬರೆದಿದ್ದಾರೆ ಎಂಬುದು ಒಂದಕ್ಷರ ಓದದೆಯೂ ಗೊತ್ತಾಗಿಬಿಡುತ್ತದೆ.

ಮೇಲ್ ಎನ್‌ಕ್ರಿಪ್ಟ್ ಆಗಿರುತ್ತದಲ್ವಾ, ಅಂದರೆ ಕೀಲಿ ಇಲ್ಲದವರು ಓದಲಾಗದ ಗುಪ್ತ ರೂಪದಲ್ಲಿರುತ್ತದಲ್ವಾ, ಹಾಗಿದ್ದರೆ ಅಡ್ಮಿನ್ ಹೇಗೆ ಓದುತ್ತಾರೆ ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯ ಮೇಲ್‌ಗೆ ಸಿಗುವ ಎನ್‌ಕ್ರಿಪ್ಷನ್ ದಾರಿಗೆ ಮಾತ್ರ. ನಿಮ್ಮ ಕಂಪ್ಯೂಟರಿನಿಂದ ಸರ್ವರ್‌ಗೆ, ಆ ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕದ್ದು ಓದುವವರಿಗೆ ಅದು ಅಡ್ಡ. ಸರ್ವರ್ ತಲುಪಿದ ಮೇಲೆ ಆ ಸರ್ವರ್ ನಡೆಸುವವರಿಗೆ ಬಾಗಿಲು ತೆರೆಯುವ ಅಧಿಕಾರ ಇದ್ದೇ ಇರುತ್ತದೆ. ಪಾಸ್‌ವರ್ಡ್ ಬದಲಿಸಬಹುದು, ಒಬ್ಬರ ಮೇಲ್‌ಬಾಕ್ಸನ್ನು ಇನ್ನೊಬ್ಬರಿಗೆ ತೋರಿಸಬಹುದು, ಹಳೆಯ ಬ್ಯಾಕಪ್‌ನಿಂದ ಅಳಿಸಿದ ಮೇಲ್ ಎತ್ತಬಹುದು. ಕಳಿಸುವವರ ಮತ್ತು ಓದುವವರ ಹತ್ತಿರ ಮಾತ್ರ ಕೀಲಿ ಇರುವ ಪಿಜಿಪಿಯಂಥ ವ್ಯವಸ್ಥೆ 1991ರಿಂದಲೂ ಇದೆ, ಆದರೆ ಆಫೀಸುಗಳಲ್ಲಿ ಅದನ್ನು ಬಳಸುವುದು ಅಪರೂಪ.

ಇನ್ನು, ಬೇಕಂತಲೇ ನೋಡದಿದ್ದರೂ ಕಣ್ಣಿಗೆ ಬೀಳುವ ದಾರಿಗಳು ಬೇಕಾದಷ್ಟಿವೆ. ವಿಳಾಸ ತಪ್ಪಾಗಿ ವಾಪಸ್ ಬಂದ ಮೇಲ್ ಅಡ್ಮಿನ್‌ನ ಪೆಟ್ಟಿಗೆಗೇ ಬಂದು ಬೀಳಬಹುದು. ಸ್ಪ್ಯಾಮ್ ಎಂದು ತಡೆಹಿಡಿದ ಮೇಲನ್ನು ಬಿಡಬೇಕೋ ಬೇಡವೋ ಎಂದು ತೆರೆದು ನೋಡಬೇಕಾಗಬಹುದು. ಡಿಸ್ಕ್ ತುಂಬಿತು ಎಂದು ದೊಡ್ಡ ಫೈಲ್‌ಗಳ ಪಟ್ಟಿ ತೆಗೆದರೆ ಅವುಗಳ ಹೆಸರೇ ಏನೋ ಹೇಳಿಬಿಡಬಹುದು. ಆಧಾರ್ ಸಂಖ್ಯೆಯ ಹಾಗೆ ಕಾಣುವ 12 ಅಂಕಿಗಳು ಸಾಲುಸಾಲಾಗಿ ಹೊರಗೆ ಹೋಗುತ್ತಿದ್ದರೆ ಎಚ್ಚರಿಸುವ ಸಾಫ್ಟ್‌ವೇರ್ ಇರುತ್ತದೆ, ಅದು ಕೂಗಿದಾಗ ಯಾರೋ ಒಬ್ಬರು ನೋಡಲೇಬೇಕು.

## ಕಾಣುವುದು ಬೇರೆ, ಹುಡುಕುವುದು ಬೇರೆ

ಇಡೀ ವಿಷಯ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅಪಾರ್ಟ್‌ಮೆಂಟ್ ಒಂದರಲ್ಲಿ ನೀರು ಸೋರುತ್ತಿದೆ, ಮನೆಯವರು ಊರಲ್ಲಿಲ್ಲ, ಮೇಂಟೆನೆನ್ಸ್‌ನವರು ಮಾಸ್ಟರ್ ಕೀ ಹಾಕಿ ಒಳಗೆ ಹೋದರು ಎಂದುಕೊಳ್ಳಿ. ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಹಾಲ್‌ನ ಟೇಬಲ್ ಮೇಲೆ ಏನಿದೆ ಎಂದು ಕಾಣುತ್ತದೆ. ಕಣ್ಣು ಮುಚ್ಚಿಕೊಂಡು ನಡೆಯಲು ಆಗುವುದಿಲ್ಲ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಬೀರು ತೆಗೆದು ನೋಡಿದರೆ? ಕೀಲಿ ಕೊಟ್ಟದ್ದು ನಲ್ಲಿ ರಿಪೇರಿಗೆ, ಬೀರು ನೋಡುವುದಕ್ಕಲ್ಲ. ಟೇಬಲ್ ಮೇಲೆ ರಕ್ತ ಮೆತ್ತಿದ ಚಾಕು ಕಂಡರೆ ಸುಮ್ಮನೆ ನಲ್ಲಿ ಸರಿಮಾಡಿ ಬರುವುದೂ ಸರಿಯಲ್ಲ. ಹಾಗಂತ ಚಾಕು ಎತ್ತಿಕೊಂಡು, ಉಳಿದ ಕೋಣೆಗಳನ್ನೆಲ್ಲ ಶೋಧಿಸಿ, ಪಕ್ಕದ ಮನೆಯವರಿಗೆಲ್ಲ ತೋರಿಸಿದರೆ ಅದೂ ತಪ್ಪೇ.

ಅಡ್ಮಿನ್‌ಗಳ ವೃತ್ತಿಸಂಘಗಳು ಅಮೆರಿಕದಲ್ಲಿ ವರ್ಷಗಳ ಹಿಂದೆಯೇ ಒಂದು ನೀತಿಸಂಹಿತೆ ಮಾಡಿಕೊಂಡವು. ಯೂಸ್‌ನಿಕ್ಸ್, ಲೋಪ್ಸಾ ಮುಂತಾದ ಸಂಘಗಳು ಒಪ್ಪಿದ ಆ ಸಂಹಿತೆಯಲ್ಲಿ ಇದೇ ಸಾರ ಇದೆ. ತಾಂತ್ರಿಕ ಕೆಲಸಕ್ಕೆ ಅಗತ್ಯವಿದ್ದಾಗ ಮಾತ್ರ ಖಾಸಗಿ ಮಾಹಿತಿಯನ್ನು ಮುಟ್ಟುತ್ತೇನೆ, ಯಾವ ದಾರಿಯಲ್ಲಿ ಗೊತ್ತಾದರೂ ಅದರ ಗುಟ್ಟು ಕಾಪಾಡುತ್ತೇನೆ ಎನ್ನುತ್ತದೆ ಅದು. ಆಕಸ್ಮಿಕವಾಗಿ ಗೊತ್ತಾದದ್ದನ್ನೂ ಗುಟ್ಟಾಗಿಡಬೇಕು ಎಂಬುದನ್ನು ಗಮನಿಸಿ. ನಾನೇನು ಹುಡುಕಿಕೊಂಡು ಹೋಗಲಿಲ್ಲ, ಕಣ್ಣಿಗೆ ಬಿತ್ತು ಅಷ್ಟೇ, ಹಾಗಾಗಿ ಕ್ಯಾಂಟೀನ್‌ನಲ್ಲಿ ಹೇಳಬಹುದು ಎನ್ನುವ ವಾದ ನಡೆಯುವುದಿಲ್ಲ.

## ಕಂಪನಿಗೆ ಓದುವ ಹಕ್ಕಿದೆಯಾ?

ಸರ್ವರ್ ಕಂಪನಿಯದು, ಖಾತೆ ಕಂಪನಿಯದು, ಕೆಲಸದ ಮೇಲ್ ಕೂಡ ಕಂಪನಿಯ ದಾಖಲೆ. ಇಷ್ಟರ ಮಟ್ಟಿಗೆ ಕಂಪನಿಗೆ ಹಕ್ಕಿದೆ. ಆದರೆ ಇಲ್ಲಿಗೆ ಕಥೆ ಮುಗಿಯುವುದಿಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದಾಗಲೇ ಅವರಿಗೆ 80 ದಾಟಿತ್ತು. ಅವರ ಹೆಸರಲ್ಲೇ ಇಂದು ದೇಶದ ಖಾಸಗಿತನದ ಕಾನೂನು ಓಡಾಡುತ್ತಿದೆ, ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಮೂಲಭೂತ ಹಕ್ಕು ಮೊದಲಿಗೆ ಸರ್ಕಾರದ ಎದುರು ಸಿಗುವ ರಕ್ಷಣೆ, ಖಾಸಗಿ ಕಂಪನಿಯ ಎದುರು ಅದನ್ನು ನೇರವಾಗಿ ಹಿಡಿಯುವುದು ಅಷ್ಟು ಸುಲಭವಲ್ಲ. ಆ ಜಾಗ ತುಂಬಲು ಬಂದದ್ದೇ 2023ರ ಡೇಟಾ ಕಾಯ್ದೆ.

ಆ ಕಾಯ್ದೆಯ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಕ್ಕೆ, ಮತ್ತು ಮಾಲೀಕರಿಗೆ ನಷ್ಟ ಅಥವಾ ಹೊಣೆ ಬಾರದಂತೆ ತಡೆಯುವುದಕ್ಕೆ, ನೌಕರರ ಒಪ್ಪಿಗೆ ಇಲ್ಲದೆಯೂ ಅವರ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಕಂಪನಿಯ ಗುಟ್ಟು ಸೋರುವುದು, ಬೇಹುಗಾರಿಕೆ ಇವನ್ನು ಉದಾಹರಣೆಯಾಗಿ ಹೇಳುತ್ತದೆ. ಅಂದರೆ ಗುಟ್ಟು ಸೋರಿಕೆಯ ಅನುಮಾನದ ಮೇಲೆ ತನಿಖೆ ಮಾಡಲು ಜಾಗ ಇದೆ. ಒಬ್ಬ ಮ್ಯಾನೇಜರ್‌ಗೆ ತನ್ನ ಕೈಕೆಳಗಿನ ಹುಡುಗಿ ಯಾರ ಜೊತೆ ಓಡಾಡುತ್ತಾಳೆ ಎಂಬ ಕುತೂಹಲ ತೀರಿಸಿಕೊಳ್ಳಲು ಜಾಗ ಇಲ್ಲ.

ಅದೇ ಕಾಯ್ದೆ ಅಧಿಕಾರವಿಲ್ಲದೆ ಮಾಹಿತಿಯನ್ನು ಬಳಸಿ ಅದರ ಗೌಪ್ಯತೆ ಕೆಡಿಸುವುದನ್ನೂ ಡೇಟಾ ಉಲ್ಲಂಘನೆ ಎನ್ನುತ್ತದೆ. ಹೊರಗಿನ ಹ್ಯಾಕರ್ ನುಗ್ಗಿದರೆ ಮಾತ್ರ ಉಲ್ಲಂಘನೆ ಅಂತ ನಾವು ಅಂದುಕೊಂಡಿರುತ್ತೇವೆ. ಒಳಗಿನ ಅಡ್ಮಿನ್ ಯಾರೂ ಹೇಳದೆ ಸಹೋದ್ಯೋಗಿಯ ಮೇಲ್ ತೆರೆದರೆ ಅದೂ ಈ ಮಾತಿನೊಳಗೆ ಬರಬಹುದು.

ಹಳೆಯ ಐಟಿ ಕಾಯ್ದೆಯೂ ಸುಮ್ಮನೆ ಕೂತಿಲ್ಲ. 2000ದ ಆ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಕಂಪ್ಯೂಟರಿನ ಮಾಲೀಕರ ಅಥವಾ ಅದರ ಉಸ್ತುವಾರಿ ಇರುವವರ ಅನುಮತಿ ಇಲ್ಲದೆ ಒಳಹೊಕ್ಕು ಮಾಹಿತಿ ತೆಗೆಯುವಂತಿಲ್ಲ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲಾಗಬಹುದು. 72ಎ ಸೆಕ್ಷನ್ ಅಂತೂ ಅಡ್ಮಿನ್‌ಗಳಿಗಾಗಿಯೇ ಬರೆದ ಹಾಗಿದೆ. ಕಾಂಟ್ರಾಕ್ಟ್ ಮೇಲೆ ಸೇವೆ ಕೊಡುವಾಗ ಕೈಗೆ ಸಿಕ್ಕ ವೈಯಕ್ತಿಕ ಮಾಹಿತಿಯನ್ನು, ಯಾರಿಗೋ ಅನ್ಯಾಯವಾಗಿ ನಷ್ಟ ಅಥವಾ ಲಾಭ ಮಾಡಲೆಂದು ಬಹಿರಂಗ ಮಾಡಿದರೆ ಅದಕ್ಕೂ 3 ವರ್ಷದವರೆಗೆ ಶಿಕ್ಷೆ ಇದೆ.

ಯುರೋಪಿನ ಒಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಯುರೋಪಿನ ಜೊತೆ ವ್ಯವಹಾರ ಇರುವ ಬೆಂಗಳೂರಿನ ಕಂಪನಿಗಳು ಅಲ್ಲಿನ ನಿಯಮಗಳನ್ನೂ ನೋಡಬೇಕಾಗುತ್ತದೆ. ರೊಮೇನಿಯಾದ ಬಾರ್ಬುಲೆಸ್ಕು ಎಂಬ ಎಂಜಿನಿಯರ್ ಗ್ರಾಹಕರ ಜೊತೆ ಮಾತಾಡಲು ಕಂಪನಿ ಹೇಳಿದಂತೆ ಯಾಹೂ ಮೆಸೆಂಜರ್ ಖಾತೆ ತೆರೆದಿದ್ದರು. 2007ರ ಜುಲೈನಲ್ಲಿ ಕಂಪನಿ ಅದರ ಮೇಲೆ ಕೆಲವು ದಿನ ನಿಗಾ ಇಟ್ಟಿತು. ಕೆಲಸಕ್ಕೆ ಮಾತ್ರ ಬಳಸಿದ್ದೇನೆ ಎಂದು ಅವರು ಹೇಳಿದಾಗ, ಅವರು ತಮ್ಮ ಸಹೋದರ ಮತ್ತು ಮದುವೆಯಾಗಬೇಕಿದ್ದ ಹುಡುಗಿಯ ಜೊತೆ ಆಡಿದ ಮಾತುಗಳನ್ನೆಲ್ಲ 45 ಪುಟ ಪ್ರಿಂಟ್ ತೆಗೆದು ಮುಂದಿಟ್ಟಿತು. ಕೆಲಸ ಹೋಯಿತು. ಖಾಸಗಿ ಬಳಕೆ ಕೂಡದು ಎಂಬ ನಿಯಮ ಅವರಿಗೆ ಗೊತ್ತಿತ್ತು. ಆದರೂ 2017ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 11–6 ಬಹುಮತದಿಂದ ಅವರ ಪರ ನಿಂತಿತು. ಬಳಸಬೇಡಿ ಎಂದು ಹೇಳಿದ ಮಾತ್ರಕ್ಕೆ ಓದುವ ಹಕ್ಕು ಬರುವುದಿಲ್ಲ, ನಿಗಾ ಇಡುತ್ತೇವೆ, ಇಷ್ಟರ ಮಟ್ಟಿಗೆ ಇಡುತ್ತೇವೆ ಎಂದು ಮೊದಲೇ ತಿಳಿಸಿರಬೇಕು, ಅದಕ್ಕೆ ಸಕಾರಣ ಇರಬೇಕು, ಅಷ್ಟೂ ಓದದೆ ಕೆಲಸ ಆಗುತ್ತದೆಯೇ ಎಂದು ಯೋಚಿಸಿರಬೇಕು ಎಂಬುದು ತೀರ್ಪಿನ ತಿರುಳು. ಈ ತೀರ್ಪು ಭಾರತದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಒಳ್ಳೆಯ ಪಾಲಿಸಿ ಹೇಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಅಳತೆಗೋಲು ನನಗೆ ಕಂಡಿಲ್ಲ.

## ತಿಳಿಸಲೇಬೇಕು ಎಂದು ಕಾನೂನು ಹೇಳುವುದು ಯಾವಾಗ?

ಇಲ್ಲಿ ಹೆಚ್ಚಿನವರಿಗೆ ಗೊಂದಲ. ತಪ್ಪು ಕಂಡರೆ ಎಲ್ಲವನ್ನೂ ಪೊಲೀಸರಿಗೆ ಹೇಳಲೇಬೇಕು ಎಂದು ಕೆಲವರು, ನಮಗೇಕೆ ಊರ ಉಸಾಬರಿ ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ. ನಮ್ಮಲ್ಲಿ ಸಿಸ್ಟಂ ಅಡ್ಮಿನ್‌ಗೆಂದೇ ಪ್ರತ್ಯೇಕ ವರದಿ ಕರ್ತವ್ಯ ಬರೆದಿಟ್ಟ ಕಾನೂನಿಲ್ಲ. ಲೆಕ್ಕಪರಿಶೋಧಕರಿಗೆ ಇದೆ: ಕಂಪನಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ದೊಡ್ಡ ವಂಚನೆ ಕಂಡರೆ ಆಡಿಟರ್ ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು. ಅಡ್ಮಿನ್‌ಗೆ ಅಂಥದ್ದಿಲ್ಲ. ಆದರೆ ಎಲ್ಲರಿಗೂ ಅನ್ವಯಿಸುವ ಕೆಲವು ಕಾನೂನುಗಳು ಅಡ್ಮಿನ್‌ಗೂ ಅನ್ವಯಿಸುತ್ತವೆ.

ಅದರಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು ಮಕ್ಕಳ ವಿಷಯ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ, ಅಥವಾ ನಡೆಯಬಹುದೆಂಬ ಆತಂಕ ಇರುವ ಯಾರೇ ಆದರೂ ಸ್ಥಳೀಯ ಪೊಲೀಸರಿಗೋ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಕಂಪನಿಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ ಸೆಕ್ಷನ್ ಭರವಸೆ ಕೊಡುತ್ತದೆ. ಇಲ್ಲಿ ‘ಮೇಲಧಿಕಾರಿಗೆ ಹೇಳಿದ್ದೆ’ ಎಂದರೆ ಸಾಲದು, ಮಾಹಿತಿ ಪೊಲೀಸರಿಗೆ ಮುಟ್ಟಬೇಕು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಲೈಂಗಿಕ ಚಿತ್ರಗಳನ್ನು ಇಟ್ಟುಕೊಳ್ಳುವುದರ ಬಗ್ಗೆಯೂ ಕಟ್ಟುನಿಟ್ಟಾಗಿ ಹೇಳಿದೆ. ಆದ್ದರಿಂದ ಅಡ್ಮಿನ್ ಆದವರು ಅದನ್ನು ಪುರಾವೆ ಎಂದುಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು, ಎಚ್‌ಆರ್‌ಗೆ ಫಾರ್ವರ್ಡ್ ಮಾಡುವುದು ಯಾವುದನ್ನೂ ಮಾಡಬಾರದು. ಫಾರ್ವರ್ಡ್ ಮಾಡುವುದೇ ಐಟಿ ಕಾಯ್ದೆಯ 67ಬಿ ಅಡಿ ಅಪರಾಧವಾಗಿ ಕಾಣಬಹುದು. ಖಾತೆಯನ್ನು ಇದ್ದ ಹಾಗೆ ನಿಲ್ಲಿಸಿ, ಎಲ್ಲಿದೆ ಎಂಬುದನ್ನು ಬರೆದುಕೊಂಡು ಪೊಲೀಸರಿಗೆ ಹೇಳಿ. 112 ಇದೆ, ಮಕ್ಕಳ ಸಹಾಯವಾಣಿ 1098 ಇದೆ.

ಎರಡನೆಯದು ಎಲ್ಲ ನಾಗರಿಕರಿಗೂ ಇರುವ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಸೆಕ್ಷನ್ ಕೆಲವು ಅಪರಾಧಗಳ ಪಟ್ಟಿ ಕೊಟ್ಟು, ಅವು ನಡೆದಿವೆ ಅಥವಾ ಯಾರೋ ಮಾಡಲು ಹೊರಟಿದ್ದಾರೆ ಎಂದು ಗೊತ್ತಿರುವವರು ಕೂಡಲೇ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕು ಎನ್ನುತ್ತದೆ. ಕೊಲೆ, ದರೋಡೆ, ಹಣಕ್ಕಾಗಿ ಅಪಹರಣ, ಭಯೋತ್ಪಾದನೆ, ಖೋಟಾ ನೋಟು ಇಂಥವು ಅದರಲ್ಲಿವೆ. ಸಾಮಾನ್ಯ ಮೋಸ, ಕಳ್ಳ ಬಿಲ್ಲು, ಇಲ್ಲದ ಪ್ರಯಾಣಕ್ಕೆ ಭತ್ಯೆ ತೆಗೆದುಕೊಂಡದ್ದು ಆ ಪಟ್ಟಿಯಲ್ಲಿಲ್ಲ. ಅವು ತಪ್ಪಲ್ಲ ಅಂತ ಅರ್ಥವಲ್ಲ. ಅವನ್ನು ಕಂಡ ಅಡ್ಮಿನ್ ನೇರ ಪೊಲೀಸ್ ಠಾಣೆಗೆ ಓಡಬೇಕೆಂದು ಕಾನೂನು ಕೇಳುವುದಿಲ್ಲ ಅಷ್ಟೇ. ಅಲ್ಲಿ ಕೆಲಸ ಮಾಡುವುದು ಕಂಪನಿಯ ಒಳನಿಯಮ ಮತ್ತು ನಿಮ್ಮ ಉದ್ಯೋಗದ ಕರಾರು.

ಮೂರನೆಯದು ಸಿಸ್ಟಂಗೇ ಆದ ಪೆಟ್ಟು. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಖಾತೆ ಹ್ಯಾಕ್ ಆಗಿದ್ದು, ಡೇಟಾ ಸೋರಿದ್ದು, ಫಿಶಿಂಗ್ (ನಕಲಿ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವುದು) ಮುಂತಾದ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಹೊಣೆ ಸಂಸ್ಥೆಯದು, ಆದರೆ ಮೊದಲು ಕಾಣುವುದು ಅಡ್ಮಿನ್‌ಗೆ, ಹಾಗಾಗಿ ಗಡಿಯಾರ ಓಡಲು ಶುರುವಾಗುವುದು ಅವರ ಮೇಜಿನಿಂದಲೇ.

ಅಮೆರಿಕದ ಕಾನೂನು ಇದನ್ನೇ ಬೇರೆ ರೀತಿ ಬಿಡಿಸುತ್ತದೆ. ಅಲ್ಲಿ 1986ರ ಸಂವಹನ ಖಾಸಗಿತನ ಕಾಯ್ದೆ ಸಾರ್ವಜನಿಕರಿಗೆ ಮೇಲ್ ಸೇವೆ ಕೊಡುವ ಕಂಪನಿಗಳು ಜನರ ಮೇಲ್ ಹೊರಗೆ ಕೊಡುವುದನ್ನು ತಡೆಯುತ್ತದೆ. ಅದರಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ: ಹುಡುಕದೆ, ಅಕಸ್ಮಾತ್ತಾಗಿ ಕಂಡ ಮೇಲ್ ಅಪರಾಧಕ್ಕೆ ಸಂಬಂಧಿಸಿದ್ದು ಎನಿಸಿದರೆ ಪೊಲೀಸರಿಗೆ ಕೊಡಬಹುದು. ‘ಅಕಸ್ಮಾತ್ತಾಗಿ’ ಎಂಬ ಷರತ್ತು ಕಾನೂನಿನ ಪಠ್ಯದಲ್ಲೇ ಇದೆ.

## ಕಂಡ ಮೇಲೆ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು?

ಕಂಡಷ್ಟೇ ಹೇಳಬೇಕು. ಊಹೆ ಸೇರಿಸಬಾರದು, ಇನ್ನಷ್ಟು ಗಟ್ಟಿ ಮಾಡಿಕೊಳ್ಳೋಣ ಎಂದು ಅಗೆಯಬಾರದು. ಅಡ್ಮಿನ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ಮೇಲ್‌ನಲ್ಲಿ ಅನುಮಾನ ಬಂತು, ಸರಿ, ಅವರ ಹಿಂದಿನ ಆರು ತಿಂಗಳ ಮೇಲ್ ನೋಡಿಬಿಡೋಣ, ಪೂರಾ ಸಾಕ್ಷಿ ಸಮೇತ ಕೊಟ್ಟರೆ ನಂಬುತ್ತಾರೆ ಎನಿಸುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಎರಡನೇ ಮೇಲ್ ತೆರೆದ ಕ್ಷಣದಿಂದ ಅದು ಕಂಡದ್ದಲ್ಲ, ಹುಡುಕಿದ್ದು. ಮುಂದೆ ವಿಚಾರಣೆ ನಡೆದರೆ ಆರೋಪಿಯ ವಕೀಲರು ಕೇಳುವ ಮೊದಲ ಪ್ರಶ್ನೆ ‘ನಿಮಗೆ ಇದನ್ನು ತೆರೆಯಲು ಹೇಳಿದ್ದು ಯಾರು?’ ಎಂಬುದೇ.

ಹಾಗಾಗಿ ಯಾವ ಟಿಕೆಟ್‌ನ (ದಾಖಲಾದ ರಿಪೇರಿ ಕೋರಿಕೆಯ) ಕೆಲಸ ಮಾಡುವಾಗ, ಯಾವ ದಿನ, ಎಷ್ಟು ಹೊತ್ತಿಗೆ, ಏನು ಕಂಡಿತು ಎಂದು ನಾಲ್ಕು ಸಾಲು ಬರೆದು, ಪಾಲಿಸಿಯಲ್ಲಿ ಹೆಸರಿಸಿದವರಿಗೆ ಮಾತ್ರ ಕೊಡುವುದು ಸರಿಯಾದ ದಾರಿ. ಅವರು ಕಂಪನಿಯ ಕಾನೂನು ವಿಭಾಗದವರೋ ಎಚ್‌ಆರ್ ಮುಖ್ಯಸ್ಥರೋ ಇರಬಹುದು. ಹಣದ ವಿಷಯವಾದರೆ ಆಡಿಟ್ ಸಮಿತಿ. ಮುಂದೆ ಇನ್ನಷ್ಟು ಮೇಲ್ ನೋಡಬೇಕಾದರೆ ಅವರೇ ಲಿಖಿತವಾಗಿ ಹೇಳಬೇಕು: ಇಂಥವರ ಖಾತೆ, ಈ ದಿನದಿಂದ ಈ ದಿನದವರೆಗೆ, ಈ ಪದಗಳಿರುವ ಮೇಲ್ ಮಾತ್ರ.

ವ್ಯಾಪ್ತಿ ಕಿರಿದಾಗಿಡುವುದು ಯಾಕೆ ಮುಖ್ಯ ಎನ್ನುವುದಕ್ಕೆ ಎನ್ರಾನ್ ನೆನಪಿಸಿಕೊಳ್ಳಬೇಕು. 2001ರಲ್ಲಿ ದಿವಾಳಿಯಾದ ಆ ಅಮೆರಿಕನ್ ಇಂಧನ ಕಂಪನಿಯ ತನಿಖೆಯ ವೇಳೆ ಅಲ್ಲಿನ ಇಂಧನ ನಿಯಂತ್ರಣ ಆಯೋಗ ಸುಮಾರು 150 ಜನರ ಮೇಲ್‌ಬಾಕ್ಸ್‌ಗಳನ್ನು 2003ರಲ್ಲಿ ಸಾರ್ವಜನಿಕರಿಗೇ ತೆರೆದಿಟ್ಟಿತು. ಇಂದಿಗೂ ಓಡಾಡುವ ಆ ಸಂಗ್ರಹದಲ್ಲಿ ಸುಮಾರು 5 ಲಕ್ಷ ಮೇಲ್‌ಗಳಿವೆ. ವಂಚನೆಗೂ ತಮಗೂ ಸಂಬಂಧವೇ ಇಲ್ಲದ ನೌಕರರ ಮನೆ ಮಾತು, ಸಂಸಾರದ ಕಷ್ಟ ಎಲ್ಲವೂ ಅದರ ಜೊತೆ ಬೀದಿಗೆ ಬಂತು. ಕೆಲವರು ಕೇಳಿಕೊಂಡ ಮೇಲೆ ಅವರ ಮೇಲ್‌ಗಳನ್ನು ತೆಗೆದರು, ಅಷ್ಟರಲ್ಲಿ ಪ್ರತಿಗಳು ಎಲ್ಲೆಲ್ಲಿಗೋ ಹೋಗಿದ್ದವು.

ಲೈಂಗಿಕ ಕಿರುಕುಳದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಸಹೋದ್ಯೋಗಿಗೆ ಯಾರೋ ಅಸಹ್ಯ ಮೇಲ್ ಕಳಿಸುತ್ತಿದ್ದಾರೆ ಎಂದು ಅಡ್ಮಿನ್ ಕಣ್ಣಿಗೆ ಬಿದ್ದರೆ, ದೂರು ಕೊಡುವ ನಿರ್ಧಾರ ಮೊದಲು ಆ ಮಹಿಳೆಯದು. ಆಕೆಯ ಹೆಸರು, ದೂರಿನ ವಿವರ ಹೊರಗೆ ಹೋಗಬಾರದೆಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಸಮಿತಿಯ ಅಧ್ಯಕ್ಷೆಗೆ ಹೇಳುವುದು ಒಂದು, ತಂಡದ ಲೀಡ್‌ಗೆ ‘ನೋಡಿ ಸರ್ ಏನು ನಡೀತಿದೆ’ ಎಂದು ಸ್ಕ್ರೀನ್‌ಶಾಟ್ ಕಳಿಸುವುದು ಇನ್ನೊಂದು. ಎರಡನೆಯದು ಆಕೆಗೆ ಮತ್ತೊಂದು ಪೆಟ್ಟು.

ಹೇಳಬೇಕಾದವರೇ ತಪ್ಪು ಮಾಡಿದ್ದರೆ? ಇದು ಸಣ್ಣ ಕಂಪನಿಗಳಲ್ಲಿ ನಿಜವಾದ ಕಷ್ಟ. ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿಗಳು, ಬ್ಯಾಂಕಿನಿಂದ 50 ಕೋಟಿಗಿಂತ ಹೆಚ್ಚು ಸಾಲ ಮಾಡಿದ ಕಂಪನಿಗಳು ‘ವಿಜಿಲ್ ಮೆಕ್ಯಾನಿಸಂ’ ಎಂಬ ದೂರು ವ್ಯವಸ್ಥೆ ಇಡಲೇಬೇಕು ಎಂದು ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಹೇಳುತ್ತದೆ. ದೂರು ಕೊಟ್ಟವರಿಗೆ ತೊಂದರೆ ಆಗದಂತೆ ನೋಡಿಕೊಳ್ಳಬೇಕು, ಅಗತ್ಯವಿದ್ದರೆ ಅವರು ನೇರ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ತಲುಪುವಂತಿರಬೇಕು. ಆ ಮಿತಿಯೊಳಗೆ ಬಾರದ ಸಣ್ಣ ಕಂಪನಿಯ ನೌಕರರಿಗೆ ಇಂಥ ಆಸರೆ ಕಡಿಮೆ. ದೇಶದಲ್ಲಿ 2014ರಲ್ಲಿ ವಿಸಲ್ ಬ್ಲೋವರ್ಸ್, ಅಂದರೆ ಒಳಗಿನ ತಪ್ಪನ್ನು ಬಯಲು ಮಾಡುವವರ, ರಕ್ಷಣಾ ಕಾಯ್ದೆ ಪಾಸಾಯಿತು, ಆದರೆ ಅದನ್ನು ಜಾರಿಗೇ ತಂದಿಲ್ಲ, ತಂದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರದ ಬಗೆಗಿನ ದೂರುಗಳಿಗೆ. ಇದು ದೊಡ್ಡ ಕೊರತೆ. ಹಾಗಾಗಿ ಇಂಥ ಸ್ಥಿತಿಯಲ್ಲಿರುವ ಅಡ್ಮಿನ್ ಹೊರಗೆ ಹೇಳುವ ಮೊದಲು ಒಬ್ಬ ವಕೀಲರನ್ನು ಕಾಣುವುದು ಒಳ್ಳೆಯದು.

## ಮೇಲಿನವರು ‘ಅವನ ಮೇಲ್ ತೆಗೆದುಕೊಡು’ ಎಂದರೆ?

ದಿನನಿತ್ಯ ಜಾಸ್ತಿ ಆಗುವುದು ಇದೇ. ಮಾಲೀಕರು ಬಂದು ಇಂಥವನು ಕೆಲಸ ಬಿಟ್ಟು ಗ್ರಾಹಕರನ್ನೂ ಎಳೆದುಕೊಂಡು ಹೋಗುತ್ತಿದ್ದಾನೆ, ಅವನ ಮೇಲ್ ತೆರೆದು ತೋರಿಸು ಎನ್ನುತ್ತಾರೆ. ಕಾರಣ ನಿಜವೇ ಇರಬಹುದು. ಆದರೆ ಅಡ್ಮಿನ್ ಕೇಳಬೇಕಾದ್ದು ‘ಒಂದು ಮೇಲ್ ಹಾಕಿಬಿಡಿ ಸರ್’ ಎಂದು ಮಾತ್ರ. ಯಾರ ಖಾತೆ, ಯಾಕೆ, ಎಷ್ಟು ದಿನದ್ದು ಎಂಬುದು ಆ ಮೇಲ್‌ನಲ್ಲಿರಲಿ. ಬರವಣಿಗೆಯಲ್ಲಿ ಕೇಳಿದ ಕೂಡಲೇ ಎಷ್ಟೋ ಕೋರಿಕೆಗಳು ತಾವಾಗಿಯೇ ಚಿಕ್ಕದಾಗುತ್ತವೆ, ಕೆಲವು ಮಾಯವೇ ಆಗುತ್ತವೆ.

ಪೊಲೀಸರು ಬಂದರೆ ದಾರಿ ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಅಡಿ ತನಿಖೆಗೆ ಬೇಕಾದ ದಾಖಲೆ ಕೊಡುವಂತೆ ಅವರು ಲಿಖಿತ ಆದೇಶ ಕೊಡಬಹುದು. ಮುಂದೆ ಬರುವ ಮೇಲ್‌ಗಳನ್ನು ನಡುವೆಯೇ ಹಿಡಿದು ಓದುವುದಕ್ಕೆ ಅಷ್ಟು ಸಾಲದು. ಐಟಿ ಕಾಯ್ದೆಯ 69ನೇ ಸೆಕ್ಷನ್ ಮತ್ತು 2009ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಸರಿಯಾದ ಆದೇಶ ಬಂದ ಮೇಲೂ ಸಹಕರಿಸದಿದ್ದರೆ 7 ವರ್ಷದವರೆಗೆ ಶಿಕ್ಷೆ ಆಗಬಹುದು, ಆದ್ದರಿಂದ ಆದೇಶದ ಕಾಗದ ಕೈಗೆ ಬಂದ ಕೂಡಲೇ ಕಾನೂನು ವಿಭಾಗಕ್ಕೆ ಮುಟ್ಟಿಸಬೇಕು.

ಕೊಡುವಾಗ ಸಾಕ್ಷ್ಯ ಕೆಡಬಾರದು. ಮೇಲನ್ನು ಫಾರ್ವರ್ಡ್ ಮಾಡಿದರೆ ಅದರ ಮೂಲ ವಿವರಗಳು ಕಳೆದುಹೋಗುತ್ತವೆ, ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು. ಮೂಲ ಫೈಲನ್ನೇ ಇದ್ದ ಹಾಗೆ ತೆಗೆದು, ಅದರ ಹ್ಯಾಶ್ ಬರೆದಿಡಬೇಕು. ಹ್ಯಾಶ್ ಅಂದರೆ ಫೈಲ್‌ನಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಉದ್ದನೆಯ ಗುರುತು, ಒಂದು ಅಲ್ಪವಿರಾಮ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವಿದೆ. ಅದರ ಒಂದು ಭಾಗಕ್ಕೆ ಸಹಿ ಹಾಕುವವರು ಆ ಕಂಪ್ಯೂಟರಿನ ಉಸ್ತುವಾರಿ ಇರುವವರು. ಅಂದರೆ ಎಷ್ಟೋ ಸಲ ಅಡ್ಮಿನ್ನೇ.

## ಅಡ್ಮಿನ್ ಮೇಲೆ ಯಾರ ಕಣ್ಣು?

ಕೀಲಿ ಇರುವವರನ್ನು ಸುಮ್ನೆ ನಂಬಿ ಕೂರಬೇಕಾ ಎಂದರೆ, ಬೇಕಿಲ್ಲ. ಅಡ್ಮಿನ್ ಏನು ಮಾಡಿದರು ಎಂಬುದಕ್ಕೂ ಲಾಗ್ ಇಡಬಹುದು. ಯಾವ ಖಾತೆ ತೆರೆದರು, ಯಾರ ಪಾಸ್‌ವರ್ಡ್ ಬದಲಿಸಿದರು, ಯಾರ ಮೇಲ್‌ಬಾಕ್ಸ್‌ಗೆ ಯಾರಿಗೆ ಪ್ರವೇಶ ಕೊಟ್ಟರು ಎಲ್ಲವೂ. ಆ ಲಾಗ್ ಅದೇ ಅಡ್ಮಿನ್ ಅಳಿಸಲಾಗದ ಕಡೆ ಹೋಗಿ ಕೂರಬೇಕು, ಇಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ. ಒಬ್ಬರ ಮೇಲ್ ತೆರೆಯಲು ಇಬ್ಬರ ಒಪ್ಪಿಗೆ ಬೇಕು ಎಂದು ಮಾಡಿದರೆ ಇನ್ನೂ ಒಳ್ಳೆಯದು. ಇದು ಪ್ರಾಮಾಣಿಕ ಅಡ್ಮಿನ್‌ಗೂ ರಕ್ಷಣೆ. ನಾಳೆ ಯಾರಾದರೂ ‘ನನ್ನ ಮೇಲ್ ಓದಿದ್ದು ನೀನೇ’ ಎಂದು ಆರೋಪ ಮಾಡಿದರೆ ತೋರಿಸಲು ಒಂದು ದಾಖಲೆ ಇರುತ್ತದೆ.

ನೌಕರರ ಕಡೆಯಿಂದ ಹೇಳುವುದಾದರೆ, ಆಫೀಸ್ ಮೇಲ್‌ನಲ್ಲಿ ಮನೆ ವಿಷಯ ಬರೆಯದಿರುವುದೇ ಕ್ಷೇಮ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಸ್ವಂತ ಜಿಮೇಲ್ ತೆರೆದರೂ ಪೂರ್ತಿ ಖಾಸಗಿ ಅಂದುಕೊಳ್ಳಬೇಡಿ, ಯಾಕೆಂದರೆ ಬ್ರೌಸರ್ ಮೂಲಕ ಹೋಗುವುದನ್ನು ಬಿಚ್ಚಿ ನೋಡುವ ಉಪಕರಣಗಳನ್ನು ಕಂಪನಿಗಳು ತಮ್ಮ ಯಂತ್ರಗಳಲ್ಲಿ ಹಾಕಿಕೊಳ್ಳಬಹುದು. ವೈದ್ಯರ ವರದಿ, ವಕೀಲರ ಜೊತೆಗಿನ ಮಾತು, ಹೊಸ ಕೆಲಸದ ಅರ್ಜಿ ನಿಮ್ಮ ಸ್ವಂತ ಫೋನಿನಲ್ಲಿ, ನಿಮ್ಮ ಸ್ವಂತ ಇಂಟರ್‌ನೆಟ್‌ನಲ್ಲಿರಲಿ. ಪಾಲಿಸಿಯ ಬಟನ್ ಒತ್ತುವ ಮುಂಚೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಬಹುದು: ನನ್ನ ಮೇಲ್ ತೆರೆಯಲು ಯಾರ ಲಿಖಿತ ಅನುಮತಿ ಬೇಕು, ತೆರೆದದ್ದು ಎಲ್ಲಿ ದಾಖಲಾಗುತ್ತದೆ, ತೆರೆದರೆ ನನಗೆ ಯಾವಾಗ ತಿಳಿಸುತ್ತೀರಿ?